ನಡುಬೀದಿಯಲ್ಲಿ ನೆರಳು ಕಟ್ಟಲು ಹೋದ ಪಿಳ್ಳಪ್ಪ

"ಇಲ್ಲಿ ಶಾಮಿಯಾನ ಹಾಕಾಕ ಯಾರು ಪರ್ಮಿಷನ್ ಕೊಟ್ಟಾರ್ರೀ ನಿಮಗ?"

ಈ ಮಾತು ಕಿವಿಗೆ ಬಿದ್ದು ಎರಡು ವರ್ಷವಾಯಿತು. ಕೊಡಿಗೇಹಳ್ಳಿಯ ಶಾಮಿಯಾನದ ಪಿಳ್ಳಪ್ಪನಿಗೆ ಅದು ಇನ್ನೂ ಅರಗಿಲ್ಲ. ಟೀ ಅಂಗಡಿಯ ಮುಂದೆ ಪಕ್ಕದಲ್ಲಿ ಯಾರೇ ನಿಂತಿರಲಿ, ಗುರುತಿರಲಿ ಇಲ್ಲದಿರಲಿ, ಎರಡು ಗುಟುಕು ಒಳಗೆ ಹೋಗುವಷ್ಟರಲ್ಲಿ ಮಾತು ಅಲ್ಲಿಗೇ ಬರುತ್ತದೆ. "ಮದುವೆಗಲ್ಲ ಸ್ವಾಮಿ, ಬರ್ತ್‌ಡೇಗಲ್ಲ. ಹೆಣಕ್ಕೆ! ಹೆಣಕ್ಕೊಂದು ನೆರಳು ಕಟ್ತಿದ್ರೆ ಪರ್ಮಿಷನ್ ಕೇಳ್ತಾನೆ. ನಾನ್ ಹುಟ್ಟಿದ್ ಬೀದೀಲಿ ನನ್ನೇ ಕೇಳ್ತಾನೆ!" ಎಂದು ಲೋಟ ಕುಕ್ಕುತ್ತಾನೆ. ಟೀ ಅಂಗಡಿಯವನು ಅವನಿಗೆ ಗಾಜಿನ ಲೋಟ ಕೊಡುವುದನ್ನೇ ಬಿಟ್ಟಿದ್ದಾನೆ. ಈಗ ಪೇಪರ್ ಕಪ್ಪು.

ಪಿಳ್ಳಪ್ಪನಿಗೆ ಸಿಟ್ಟು ಹುಟ್ಟಿನಿಂದಲೇ ಬಂದದ್ದು. ನಾಲ್ಕನೇ ಕ್ಲಾಸಿನಲ್ಲಿ ಮೇಷ್ಟ್ರು "ನಿನ್ ತಲೇಲಿ ಸಗಣಿ ತುಂಬೈತೆ" ಅಂದರೆಂದು ಸ್ಲೇಟನ್ನು ಅವರ ಕಾಲ ಬುಡಕ್ಕೇ ಎಸೆದು ಬಂದವನು ಮತ್ತೆ ಶಾಲೆಯ ಕಡೆ ತಲೆ ಹಾಕಿ ಮಲಗಲಿಲ್ಲ. ಅಪ್ಪ ಬೆನ್ನಿಗೆರಡು ಬಾರಿಸಿ, ಸೋದರಮಾವನ ಜೊತೆ ಚಪ್ಪರದ ಕೆಲಸಕ್ಕೆ ಕಳಿಸಿದ. ಆಗ ಶಾಮಿಯಾನ ಎಂಬ ಹೆಸರೇ ಊರಿಗೆ ಹೊಸದು. ಸರ್ವೆ ಗಳ, ತೆಂಗಿನ ಗರಿ, ತೆಂಗಿನ ನಾರಿನ ಹಗ್ಗ, ಗುಂಡಿ ತೋಡಲು ಒಂದು ಹಾರೆ. ಮಾವನ ಬಂಡವಾಳ ಅಷ್ಟೇ.

ಕೊಡಿಗೇಹಳ್ಳಿ ಆಗ ಪೂರಾ ಹಳ್ಳಿ. ಮಣ್ಣಿನ ಬೀದಿ. ಯಾರ ಮನೆಯ ಮುಂದೆ ಎಲ್ಲಿ ಗುಂಡಿ ತೋಡಬೇಕು ಎನ್ನುವುದು ಪಿಳ್ಳಪ್ಪನ ಅಂಗಾಲಿಗೇ ಗೊತ್ತಿತ್ತು. ಒಂದೊಂದು ಮನೆಗೂ ನಾಲ್ಕೋ ಆರೋ ಗುಂಡಿ. ಮದುವೆ ಮುಗಿದ ಮೇಲೆ ಮಣ್ಣು ಮುಚ್ಚಿ ಮೆಟ್ಟಿಬಿಡುವುದು. ಆಮೇಲೆ ನಾಮಕರಣ ಬರಲಿ, ಸಾವು ಬರಲಿ, ಮತ್ತೆ ಅದೇ ಗುಂಡಿ. ಹಾರೆಯ ಮೊನೆ ತಾಗಿದರೆ ಸಾಕು, ಮೆತ್ತಗೆ ಬಾಯಿ ಬಿಡುತ್ತಿತ್ತು. ಹಗ್ಗ ಕಟ್ಟುವ ಜಾಗಗಳೂ ಹಾಗೆಯೇ. ಬೈರಮ್ಮನ ಮನೆಯ ಚಪ್ಪರಕ್ಕೆ ಮೂಡಲ ಮೂಲೆಯ ಹಗ್ಗ ಎದುರು ಮನೆಯ ಕೃಷ್ಣಯ್ಯನ ಗೋಡೆಗೇ ಬರಬೇಕು. ಆ ಗೋಡೆಯಲ್ಲಿ ಎತ್ತು ಕಟ್ಟುವ ಒಂದು ಕಬ್ಬಿಣದ ಬಳೆ ಇತ್ತು. ಚಪ್ಪರದ ದಿನ ಬೆಳಿಗ್ಗೆ ಕೃಷ್ಣಯ್ಯ ತಾನೇ ಎತ್ತು ಬಿಚ್ಚಿ ಹಿತ್ತಲಿಗೆ ಹೊಡೆದು "ಕಟ್ಕೊಳಪ್ಪಾ" ಅನ್ನುತ್ತಿದ್ದ. ಪರ್ಮಿಷನ್ ಅಂದರೆ ಅಷ್ಟೇ.

ಮಾವ ಇನ್ನೊಂದು ಕಟ್ಟಳೆ ಹೇಳಿಕೊಟ್ಟಿದ್ದ. ಸಾವಿನ ಮನೆಯವರು ಚಪ್ಪರದವನನ್ನು ಕರೆಯುವುದಿಲ್ಲ, ಸುದ್ದಿ ಕಿವಿಗೆ ಬಿದ್ದವನು ತಾನಾಗಿ ಹೋಗಿ ಕಟ್ಟಬೇಕು. "ಅವ್ರು ಕರೆಯೋಗಂಟ ನೀನ್ ಮನೇಲ್ ಕುಂತಿದ್ರೆ ನೀನ್ ಈ ಊರೋನೇ ಅಲ್ಲ ಕಣ್ಲಾ" ಅನ್ನುತ್ತಿದ್ದ. ಹಾಗಾಗಿ ಸಾವಿಗೆಂದೇ ಪಿಳ್ಳಪ್ಪ ಒಂದು ಬಿಳೀ ಬಟ್ಟೆಯನ್ನು ಬೇರೆ ಗಂಟು ಕಟ್ಟಿ ಇಟ್ಟಿರುತ್ತಾನೆ. ಮದುವೆಯ ಬಣ್ಣದ ಬಟ್ಟೆಯ ಜೊತೆ ಅದನ್ನು ಸೇರಿಸುವುದಿಲ್ಲ.

ಬೈರಮ್ಮನಿಗೂ ಅವನಿಗೂ ರಕ್ತಸಂಬಂಧವೇನೂ ಇರಲಿಲ್ಲ. ಬಾಯಿ ಮಾತಿಗೆ ಅತ್ತೆ. ಅವಳ ಮಗಳು ಯಶೋಧಾಳ ಮದುವೆ, ಪಿಳ್ಳಪ್ಪ ಮಾವನಿಂದ ಬೇರೆಯಾಗಿ ಸ್ವಂತಕ್ಕೆ ಹಿಡಿದ ಮೊದಲ ಕೆಲಸ. ಯಶವಂತಪುರದಿಂದ ಬಾಡಿಗೆ ಬಟ್ಟೆ ತಂದು ಕಟ್ಟಿದ. ಹಿಂದಿನ ದಿನ ಮಧ್ಯಾಹ್ನ ಬಿರುಗಾಳಿ ಎದ್ದು ಬಟ್ಟೆ ನಡುಮಧ್ಯಕ್ಕೆ ಸೀಳಿಹೋಯಿತು. ಬೆಳಗಾದರೆ ಹೆಸರಘಟ್ಟದಿಂದ ಗಂಡಿನ ಕಡೆಯವರು ಬರಬೇಕು. ಇಪ್ಪತ್ನಾಲ್ಕು ವರ್ಷದ ಪಿಳ್ಳಪ್ಪ ಹರಕು ಬಟ್ಟೆ ಕೈಯಲ್ಲಿ ಹಿಡಿದು ಗಾಳಿಗೆ, ಬಟ್ಟೆ ಕೊಟ್ಟ ಸೇಟಿಗೆ, ಮನೆದೇವರಿಗೆ, ಎಲ್ಲರಿಗೂ ಬೈಯುತ್ತ ನಿಂತಿದ್ದ. ಬೈರಮ್ಮ ಒಳಗೆ ಹೋಗಿ ಟ್ರಂಕು ತೆಗೆದಳು. ಮಗಳ ಧಾರೆಗೆ ಉಡಬೇಕಿದ್ದ ಒಂದನ್ನು ಬಿಟ್ಟು ಮಿಕ್ಕ ಸೀರೆಗಳನ್ನೆಲ್ಲ ತಂದು ಅವನ ಮುಂದೆ ಸುರಿದಳು.

"ಬೈಯೋದು ಆಮೇಕ್ ಬೈಯೀವಂತೆ. ಸೂಜಿ ದಾರ ತಗಾ."

"ಅತ್ತೇ, ಸೀರೇನಾ? ಬೀಗರು ಏನಂದಾರು?"

"ಅವ್ರೇನ್ ಮೇಲ್ ನೋಡ್ಕಂಡ್ ಉಣ್ತಾರೇನ್ಲಾ? ಎಲೆ ನೋಡ್ಕಂಡ್ ಉಣ್ತಾರೆ. ಒಲಿ ಸುಮ್ಕೆ."

ಕತ್ತಲಾಗುವುದರೊಳಗೆ ಇಬ್ಬರೂ ಕೂತು ಹೊಲಿದರು. ಮಾರನೇ ದಿನ ಬೀಗರು ತಲೆ ಎತ್ತಿ ನೋಡಿ "ಬಣ್ಣಬಣ್ಣದ್ ಚಪ್ಪರ, ಬಲೇ ಚೆನ್ನಾಗೈತೆ" ಎಂದು ಹೊಗಳಿಯೇ ಉಂಡರು. ಸೀರೆಗಳು ಮಾತ್ರ ಹಗ್ಗದ ಎಳೆತಕ್ಕೆ ಸಿಕ್ಕಿ ಮತ್ತೆ ಉಡುವ ಹಾಗೆ ಉಳಿಯಲಿಲ್ಲ. ಒಂದೊಂದಾಗಿ ತಂದುಕೊಡುತ್ತೇನೆ ಎಂದು ಪಿಳ್ಳಪ್ಪ ತಲೆ ಕೆರೆದುಕೊಂಡಾಗ ಬೈರಮ್ಮ ಎಲೆಯಡಿಕೆ ದವಡೆಗೆ ಒತ್ತರಿಸಿ ಅಂದಳು: "ಸೀರೆ ಬ್ಯಾಡ ಕಣೋ. ನಾನ್ ಸತ್ತಾಗ ಬಿಸ್ಲಲ್ ಮಲಗಿಸ್ಬ್ಯಾಡ. ಮಗಳು ಬಂದ್ ಮಕ ನೋಡೋಗಂಟ ಮ್ಯಾಲೊಂದು ನೆರಳು ಕಟ್ಟು. ಅಲ್ಲಿಗ್ ತೀರ್ತು."

ಪಿಳ್ಳಪ್ಪ ಹೂಂ ಅಂದ.

ಆಮೇಲೆ ಊರ ಮಗ್ಗುಲಿಗೆ ಏರ್‌ಪೋರ್ಟ್ ರಸ್ತೆ ಬಂತು. ಸೈಟಿನ ಬೆಲೆ ಕೇಳಿ ಜನ ರಾತ್ರೋರಾತ್ರಿ ಹೆಂಚಿನ ಮನೆ ಉರುಳಿಸಿದರು. ಜಗಲಿ ಹೋಯಿತು, ಹಿತ್ತಲು ಹೋಯಿತು, ಮಳೆನೀರು ಬೀಳಲೂ ಜಾಗ ಬಿಡದೆ ಬೀದಿಯ ಅಂಚಿನಿಂದಲೇ ನಾಲ್ಕು ಅಂತಸ್ತು ಎದ್ದಿತು. ಪರದೇಶದವರು ಬಂದು ಕಟ್ಟಿದ್ದಲ್ಲ, ನಮ್ಮವರೇ ಕಟ್ಟಿದ್ದು. ಅದನ್ನು ನೆನೆದಾಗಲೇ ಪಿಳ್ಳಪ್ಪನಿಗೆ ಹೆಚ್ಚು ಉರಿಯುವುದು. ಮಣ್ಣಿನ ಬೀದಿಗೆ ಟಾರು ಬಂತು, ಟಾರಿನ ಮೇಲೆ ಕಾಂಕ್ರೀಟು ಬಂತು. ಕಾಂಕ್ರೀಟು ಸುರಿಯುವ ದಿನ ಪಿಳ್ಳಪ್ಪ ಹಾರೆ ಹಿಡಿದುಕೊಂಡೇ ಹೋಗಿ ಕಂಟ್ರಾಕ್ಟರನ ಮುಂದೆ ನಿಂತ.

"ಮನೆಗೆ ನಾಕ್ ನಾಕು ತೂತಾದ್ರೂ ಬಿಡಯ್ಯಾ!"

"ತೂತು ಯಾಕ್ ಯಜಮಾನ್ರೇ?"

"ನಾಳೆ ನಿಮ್ಮಪ್ಪ ಸತ್ರೆ ಕಂಬ ಎಲ್ಲಿ ನೆಡ್ಲಿ? ನಿನ್ ತಲೆ ಮೇಲಾ?"

ಕೆಲಸದವರು ನಕ್ಕರು. ಕಂಟ್ರಾಕ್ಟರ ನಗಲಿಲ್ಲ, ತೂತೂ ಬಿಡಲಿಲ್ಲ. ಅವತ್ತಿನಿಂದ ಪಿಳ್ಳಪ್ಪನ ಕಂಬಗಳು ಸಿಮೆಂಟು ತುಂಬಿದ ಎಣ್ಣೆ ಡಬ್ಬಗಳಲ್ಲಿ ನಿಲ್ಲತೊಡಗಿದವು. ಗಾಳಿ ಜೋರಾದರೆ ಡಬ್ಬ ಉರುಳುತ್ತದೆ. ನಾಲ್ಕು ಮೂಲೆಗೆ ಎಳೆದು ಕಟ್ಟುವ ಹಗ್ಗವೇ ಗತಿ.

ಕೆಲಸವೂ ಕರಗಿತು. ಮದುವೆಗಳು ಕಲ್ಯಾಣಮಂಟಪಕ್ಕೆ ಹೋದವು, ನಾಮಕರಣಗಳು ಅಪಾರ್ಟ್‌ಮೆಂಟಿನ ಪಾರ್ಟಿ ಹಾಲಿಗೆ ಹೋದವು. ಎಂಟು ಜನ ಆಳಿದ್ದಲ್ಲಿ ಉಳಿದವನು ಮುರುಗೇಶ್ ಒಬ್ಬ. ಇಪ್ಪತ್ತು ವರ್ಷದಿಂದ ಪಿಳ್ಳಪ್ಪನ ಬೈಗುಳ ತಿಂದು ಗಟ್ಟಿಯಾದವನು. "ಪಾತ್ರೆ, ಕುರ್ಚಿ ಬಾಡಿಗೆ ಕೊಟ್ಕೊಂಡು ತಣ್ಣಗಿರ್ಬಾರ್ದಾ" ಎಂದು ಹೆಂಡತಿ ಗೋಪಾಲಮ್ಮ ಹೇಳಿ ಹೇಳಿ ಸುಸ್ತಾದಳು. "ತಣ್ಣಗೆ ನೀನ್ ಇರು" ಎಂದು ಇವನು ಬಿಸಿಯಾದ.

ಬೈರಮ್ಮನ ಮಗ ಮನೋಹರನೂ ಹಳೇ ಮನೆ ಕೆಡವಿ ನಾಲ್ಕು ಅಂತಸ್ತು ಎಬ್ಬಿಸಿದ. ಕೆಳಗೆ ನಾಯಿಗಳಿಗೆ ಸ್ನಾನ ಮಾಡಿಸಿ ಕೂದಲು ಕತ್ತರಿಸುವ ಅಂಗಡಿಗೆ ಬಾಡಿಗೆ, ನಡುವೆ ಬಾಡಿಗೆದಾರರು, ಮೇಲೆ ತಾವು. ಲಿಫ್ಟಿಲ್ಲ. ಮಂಡಿ ಹಿಡಿದುಕೊಂಡಿದ್ದ ಬೈರಮ್ಮ ಕೆಳಗಿಳಿಯುವುದನ್ನೇ ಬಿಟ್ಟಳು. ಬಾಲ್ಕನಿಯ ಕಂಬಿಯ ಸಂದಿಯಲ್ಲಿ ಮುಖವಿಟ್ಟು, ಬೀದಿಯಲ್ಲಿ ಪಿಳ್ಳಪ್ಪನ ಗಾಡಿ ಕಂಡರೆ ಕೂಗುವಳು.

"ಏನ್ ಪಿಳ್ಳಪ್ಪಾ, ನನ್ ನೆರಳು ರೆಡಿ ಐತೇನ್ಲಾ?"

"ಬಟ್ಟೆ ರೆಡಿ ಐತೆ ಅತ್ತೆ, ನೀನೇ ಲೇಟು!"

"ಇರ್ಲಾ, ನಾಯಿ ಅಂಗಡಿ ಬಾಡಿಗೆ ಜಾಸ್ತಿ ಮಾಡ್ಬೇಕು ಅಂತವ್ನೆ ಮನೋಹರ. ಅದೊಂದ್ ನೋಡ್ಕಂಡ್ ಓಯ್ತೀನಿ."

ಎದುರುಗಡೆ ಕೃಷ್ಣಯ್ಯನೂ ಮನೆ ಮಾರಿದ. ಮಾರಿ ಹೆಸರಘಟ್ಟದ ಕಡೆ ಜಮೀನು ಮಾಡಿಕೊಂಡು ಹೋದ. ಹೋಗುವಾಗ ಪಿಳ್ಳಪ್ಪನಿಗೆ ಒಂದು ಮಾತೂ ಹೇಳಲಿಲ್ಲ. ಎತ್ತು ಕಟ್ಟುತ್ತಿದ್ದ ಗೋಡೆಯ ಜಾಗದಲ್ಲಿ ನೆಲದಿಂದ ಮೇಲಿನವರೆಗೆ ಗಾಜು ನಿಂತಿತು. ಒಳಗೆ ಕಾಫಿ, ಮಾಳಿಗೆಯ ಮೇಲೆ ಊಟ, ಸಂಜೆಯಾದರೆ ಬೀದಿ ತುಂಬ ಕಾರು. ಅಲ್ಲಿಗೆ ಮ್ಯಾನೇಜರಾಗಿ ಬಂದವನು ಸಂಗಮೇಶ, ಬಾಗಲಕೋಟೆ ಕಡೆಯ ಇಪ್ಪತ್ತಾರರ ಹುಡುಗ. ಅಂಗಡಿ ತೆರೆಯುವ ಮೊದಲೇ ಪಿಳ್ಳಪ್ಪನ ಶೆಡ್ಡಿಗೆ ಬಂದಿದ್ದ.

"ಕಾಕಾ, ನಿಮ್ಮ ಕಡೆ ಹಳೇ ಗ್ಯಾಸ್‌ಲೈಟ್ ಅದಾವಂತಲ್ರೀ. ಎರಡು ಕೊಡ್ತೀರೇನು? ಗ್ವಾಡಿಗೆ ಹಾಕಾಕ."

"ಗೋಡೆಗ್ಯಾಕಯ್ಯಾ? ಉರ್ಸೋಕಲ್ವಾ?"

"ಉರಸೂದಿಲ್ರೀ. ಸುಮ್ನ, ಚಂದ ಕಾಣ್ತಾವಂತ."

"ನಮ್ಮಪ್ಪನ್ ಹಲ್ಲುಸೆಟ್ ಐತೆ. ಅದೂ ಚಂದ ಕಾಣ್ತದೆ. ಕೊಡ್ಲಾ?"

ಹುಡುಗ ನಕ್ಕುಬಿಟ್ಟ. ಅವನು ನಕ್ಕದ್ದೂ ಪಿಳ್ಳಪ್ಪನಿಗೆ ಸೇರಲಿಲ್ಲ.

ಏಪ್ರಿಲ್ ತಿಂಗಳ ಒಂದು ಬೆಳಿಗ್ಗೆ ಆರು ಗಂಟೆಗೆ ಮುರುಗೇಶ್ ಬಂದು ಬಾಗಿಲು ತಟ್ಟಿದ. "ಅಣ್ಣಾ, ಬೈರಮ್ಮತ್ತೆ ಹೋಗ್ಬಿಟ್ರು." ಪಿಳ್ಳಪ್ಪ ಮುಖ ತೊಳೆಯಲಿಲ್ಲ. ಬಿಳೀ ಬಟ್ಟೆಯ ಗಂಟು, ಕಂಬ, ಡಬ್ಬ, ಹಗ್ಗ ಗಾಡಿಗೆ ಹಾಕಿಕೊಂಡು ಹೊರಟ.

ಅಲ್ಲಿ ಬೈರಮ್ಮನನ್ನು ಕುರ್ಚಿಯ ಮೇಲೆ ಕೂರಿಸಿ, ಟವೆಲಿನಿಂದ ಬಿಗಿದು, ಮೆಟ್ಟಿಲ ತಿರುವುಗಳಲ್ಲಿ ಗೋಡೆಗೆ ತಾಗಿಸುತ್ತ ಕೆಳಗಿಳಿಸುತ್ತಿದ್ದರು. ಮಲಗಿಸಿಕೊಂಡು ಇಳಿಯುವಷ್ಟು ಅಗಲ ಆ ಮೆಟ್ಟಿಲಿಗಿರಲಿಲ್ಲ. ಕೆಳಗೆ ನಾಯಿ ಅಂಗಡಿಯ ಶಟರು. ಅದರ ಮುಂದೆ ಒಂದಡಿ ಜಾಗವಿಲ್ಲ, ಬೀದಿಯೇ. ಬೀದಿಯಲ್ಲೇ ಬೆಂಚು ಹಾಕಿ ಮಲಗಿಸಿದರು. ಯಶೋಧಾ ಮನೆಯವರೊಂದಿಗೆ ತಿರುಪತಿಗೆ ಹೋಗಿದ್ದಳು. ಫೋನು ಹೋಗಿತ್ತು, ಬರುವುದು ಮಧ್ಯಾಹ್ನ ಎರಡಾದರೂ ಆಗುತ್ತದೆ. ಬಿಸಿಲು ಎಂಟಕ್ಕೇ ಚುರುಗುಟ್ಟುತ್ತಿತ್ತು. ಮನೋಹರ ಹತ್ತಿರ ಬಂದು "ಪಿಳ್ಳಪ್ಪಣ್ಣ, ಪೂರಾ ರಸ್ತೆಗೆ ಹಾಕ್ಬೇಡ, ಕಾರು ಓಡಾಡ್ತವೆ" ಎಂದ. "ನಿಮ್ಮವ್ವನ್ ತಲೆ ಮೇಲೆ ಮಾತ್ರ ಕರವಸ್ತ್ರ ಕಟ್ಲಾ?" ಎಂದು ಪಿಳ್ಳಪ್ಪ ಅವನನ್ನು ಆಚೆ ದಬ್ಬಿದ.

ನಾಲ್ಕು ಕಂಬ ನಿಂತವು. ಒಂದು ಹಗ್ಗ ಮನೋಹರನ ಗೇಟಿಗೆ, ಒಂದು ಲೈಟುಕಂಬಕ್ಕೆ, ಒಂದು ಪಕ್ಕದ ಬೇವಿನ ಮರಕ್ಕೆ. ಪಿಳ್ಳಪ್ಪನ ಕಣ್ಣು ಬೆಂಚಿನ ಮೇಲಿತ್ತು. ಕೈಯಲ್ಲಿ ನಾಲ್ಕನೇ ಹಗ್ಗ. ಮೂವತ್ತು ವರ್ಷ ಅದು ಹೋಗುತ್ತಿದ್ದ ಕಡೆಗೇ ಕೈ ತಾನಾಗಿ ಹೋಯಿತು. ಅಲ್ಲಿ ಬಳೆಯಿರಲಿಲ್ಲ, ಗಾಜಿನ ಗೋಡೆಯನ್ನು ಹಿಡಿದಿದ್ದ ಸಣ್ಣದೊಂದು ಸ್ಟೀಲ್ ಕಂಬಿ ಇತ್ತು. ಕೈಗೆ ಸಿಕ್ಕಿದ್ದು ಗಟ್ಟಿಯೋ ಟೊಳ್ಳೋ ನೋಡದೆ ಎರಡು ಸುತ್ತು ಸುತ್ತಿ ಗಂಟು ಹಾಕಿದ.

"ಎಳೀಲಾಣ್ಣಾ?" ಮುರುಗೇಶ್ ಆಚೆ ಮೂಲೆಯಿಂದ ಕೂಗಿದ.

"ಎಳಿ!"

ಬಟ್ಟೆ ಮೇಲೆದ್ದಿತು. ಅದೇ ಹೊತ್ತಿಗೆ ಬೀದಿಯ ತುದಿಯಿಂದ ಗಾಳಿ ನುಗ್ಗಿ ಬಟ್ಟೆ ಹೊಟ್ಟೆ ಉಬ್ಬಿಸಿತು. ಕಂಬಿ ಬಾಗಿತು. ಎಂಟಡಿ ಎತ್ತರದ ಗಾಜು ಮೇಲಿಂದ ಕೆಳಗೆ ಪಟಪಟನೆ ಬಿರಿದು, ಉಪ್ಪಿನ ಹರಳಿನ ಹಾಗೆ ಬೀದಿ ತುಂಬ ಸುರಿಯಿತು.

ಸಂಗಮೇಶ ಒಳಗಿನಿಂದ ಓಡಿ ಬಂದ. "ಏ ಕಾಕಾ! ಏನ್ ಮಾಡಾಕತ್ತೀರಿ? ಗ್ಲಾಸ್ ಹೋತಲ್ರೀ!"

"ಹೋದ್ರೆ ಹೋಯ್ತು. ಇಲ್ಲಿ ಜೀವ ಹೋಗೈತೆ, ಕಾಣಕಿಲ್ವಾ?"

"ಅದು ಖರೇ ಅದರೀ, ಇಲ್ಲ ಅನ್ನೂದಿಲ್ಲ. ಮಾಲಕರು ಕ್ಯಾಮೆರಾದಾಗ ನೋಡಾಕತ್ತಾರ, ನಾ ಏನ್ ಹೇಳ್ಲಿ? ಇಲ್ಲಿ ಶಾಮಿಯಾನ ಹಾಕಾಕ ಯಾರು ಪರ್ಮಿಷನ್ ಕೊಟ್ಟಾರ್ರೀ ನಿಮಗ?"

"ಕೃಷ್ಣಯ್ಯ ಕೊಟ್ಟವ್ನೆ!"

"ಯಾವ ಕೃಷ್ಣಯ್ಯರೀ?"

ಆ ಜಾಗದಲ್ಲಿ ನಿಂತುಕೊಂಡು ಯಾವ ಕೃಷ್ಣಯ್ಯ ಎಂದು ಕೇಳಿದನಲ್ಲ. ಪಿಳ್ಳಪ್ಪನ ಕೈ ಎದ್ದದ್ದು ಅವನಿಗೇ ಗೊತ್ತಾಗಲಿಲ್ಲ. ಹುಡುಗನ ಎಡಗೆನ್ನೆಯ ಮೇಲೆ ಐದು ಬೆರಳೂ ಮೂಡಿದವು. ಅಷ್ಟಕ್ಕೂ ನಿಲ್ಲದೆ, ಬಾಗಿಲ ಮೇಲಿನ ಕ್ಯಾಮೆರಾಕ್ಕೆ ಮುಖ ಎತ್ತಿ, ಯಾರೆಂದು ಗೊತ್ತಿಲ್ಲದ ಆ ಮಾಲೀಕನ ಮೂರು ತಲೆಮಾರನ್ನು ಬೈದ. "ಇಳಿದ್ ಬಾರೋ ಗಂಡ್ಸಾದ್ರೆ! ಡಬ್ಬಿ ಒಳಗೆ ಕೂತ್ಕೊಂಡು ಏನ್ ನೋಡ್ತೀಯಾ?"

ಡಬ್ಬಿಯೊಳಗಿದ್ದವನು ಇಳಿದು ಬರಲಿಲ್ಲ, ಪೊಲೀಸರಿಗೆ ಫೋನು ಮಾಡಿದ. ಕಾಲು ಗಂಟೆಯಲ್ಲಿ ಜೀಪು ಬಂತು. ಸಾವಿನ ಮನೆಯೆಂದು ನೋಡಿ ಕಾನ್‌ಸ್ಟೇಬಲ್ಲು ಟೋಪಿ ತೆಗೆದು ಮೆಲ್ಲಗೇ ಹೇಳಿದ: "ನಡೀರಿ ಯಜಮಾನ್ರೇ, ಹೊಡೆದಿದ್ದೀರ, ಕಂಪ್ಲೇಂಟ್ ಆಗಿದೆ." ಪಿಳ್ಳಪ್ಪ ಬಗ್ಗಲಿಲ್ಲ. ಕಟ್ಟಿ ಮುಗಿಸದೆ ಬರುವುದಿಲ್ಲ ಎಂದು ಕಂಬ ತಬ್ಬಿ ನಿಂತ. ಆಗ ಮನೋಹರ ಬಂದ. ಕಣ್ಣು ಕೆಂಪಗಾಗಿತ್ತು.

"ಇವತ್ತೊಂದಿನ ಜಗಳ ಬೇಡಾಗಿತ್ತು ಪಿಳ್ಳಪ್ಪಣ್ಣ. ಹೋಗ್ಬಿಡು. ಮುರುಗೇಶಾ, ಅದನ್ನ ಬಿಚ್ಚಪ್ಪ. ಗಾಳೀಗೆ ಅವ್ವನ್ ಮೇಲೇ ಬಿದ್ದಾತು."

ಜೀಪಿನ ಹಿಂದಿನ ಸೀಟಿನಿಂದ ಪಿಳ್ಳಪ್ಪ ನೋಡಿದ. ಮೂರು ಹಗ್ಗದ ಬಟ್ಟೆ ನಿಲ್ಲುವುದಿಲ್ಲವೆಂದು ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಬಿಳೀ ಬಟ್ಟೆ ಮಡಿಚಿಕೊಂಡು ಕೆಳಗೆ ಬಂತು.

ಸ್ಟೇಷನ್ನಿನ ಬೆಂಚಿನ ಮೇಲೆ ಸಂಜೆ ನಾಲ್ಕು ಗಂಟೆಯವರೆಗೆ ಕೂತ. ಒಂಬತ್ತಕ್ಕೆ ಎಲ್ಲರಿಗೂ ಬೈಯುತ್ತಿದ್ದ, ಹನ್ನೊಂದಕ್ಕೆ ಬೈಗುಳ ನಿಂತಿತು. ಕಿಟಕಿಯ ಆಚೆ ಬಿಸಿಲು ಗೋಡೆಯ ಬುಡಕ್ಕೆ ಸರಿಯುವುದನ್ನು ನೋಡುತ್ತಿದ್ದ. ಬೈರಮ್ಮನ ಬೀದಿಯಲ್ಲಿ ಹನ್ನೊಂದಾದ ಮೇಲೆ ಯಾವ ಕಟ್ಟಡದ ನೆರಳೂ ಬೀಳುವುದಿಲ್ಲ. "ಸಾರ್, ಒಂದ್ ಗಂಟೆ ಬಿಟ್ಬುಡಿ, ಕಟ್ಬುಟ್ಟು ನಾನೇ ಬಂದು ಕುಂತ್ಕೋತೀನಿ" ಎಂದು ಎರಡು ಸಲ ಕೈ ಮುಗಿದ. ಹುಟ್ಟಿದ ಮೇಲೆ ಅವನು ಹಾಗೆ ಕೈ ಮುಗಿದದ್ದು ಅದೇ ಮೊದಲು. ಸಾಹೇಬರು ಬಂದಿಲ್ಲ, ಕಾಯಿರಿ ಎಂದರು. ಸಾಹೇಬರು ಬಂದು, ಬರೆಸಿಕೊಂಡು, ಹೆಬ್ಬೆಟ್ಟಿನ ಹಾಗೆ ವಕ್ರವಾದ ಅವನ ಸಹಿ ಹಾಕಿಸಿಕೊಂಡು ಬಿಟ್ಟಾಗ ಎಲ್ಲ ಮುಗಿದಿತ್ತು. ಬೀದಿ ತೊಳೆದಿದ್ದರು. ಬೆಂಚು ಕೂಡ ಇರಲಿಲ್ಲ.

ಮುರುಗೇಶ್ ಗಾಡಿಯ ಮೇಲೆ ಕೂತಿದ್ದ.

"ಬಿಸ್ಲಲ್ಲೇ ಇಟ್ರಾ?" ಪಿಳ್ಳಪ್ಪ ಕೇಳಿದ.

"ಇಲ್ಲಣ್ಣಾ. ಹನ್ನೊಂದ್ ಗಂಟೆಗೆ ಬಿಸ್ಲು ಮುಖಕ್ಕೇ ಬಂತು. ಹೆಂಗಸ್ರು ಸೆರಗು ಹಿಡ್ದಿದ್ರು. ಆಮೇಲೆ ಅವ್ನು ಮಾಳಿಗೆ ಮೇಲಿಂದ ದೊಡ್ಡ ಛತ್ರಿ ತಂದ. ಟೇಬಲ್ ಮೇಲ್ ನಿಲ್ಸಿರ್ತಾರಲ್ಲ, ಅದು. ಕೆಳಗೆ ಕಬ್ಬಿಣದ್ ಚಕ್ರ, ಒಬ್ಬನ್ ಕೈಲಿ ಆಗಲ್ಲ. ನಾನೂ ಕೈ ಹಾಕ್ದೆ."

"ಅವ್ನಂದ್ರೆ ಯಾರ್ಲಾ?"

"ನೀನ್ ಹೊಡ್ದ್ಯಲ್ಲ, ಅವ್ನೇ. ಬಿಸ್ಲು ತಿರುಗ್ದಂಗೆಲ್ಲಾ ತಾನೇ ಬಂದು ಛತ್ರಿ ತಿರುಗಿಸ್ತಿದ್ದ. ಓನರ್ ಫೋನ್ ಮೇಲ್ ಫೋನ್ ಮಾಡ್ತಿದ್ದ, ಎತ್ಲಿಲ್ಲ. ಎರಡೂವರೆಗೆ ಯಶೋಧಕ್ಕ ಬಂದ್ರು, ಮುಖ ನೋಡಿದ್ರು, ಎತ್ತಿದ್ರು."

"ಏನಾದ್ರೂ ಅಂದ್ನಾ?"

"ಏನಿಲ್ಲ. ಬಿಸಲ ಭಾಳ ಅದ ಅಂದ, ಅಷ್ಟೇ. ಕೆನ್ನೆ ಊದ್ಕೊಂಡಿತ್ತಣ್ಣಾ."

ಪಿಳ್ಳಪ್ಪನಿಗೆ ಸಮಾಧಾನವಾಗಬೇಕಿತ್ತು, ಆಗಲಿಲ್ಲ. ಬೆಳಗಿನದಕ್ಕಿಂತ ಕೆಟ್ಟ ಸಿಟ್ಟು ಬಂತು, ಯಾರ ಮೇಲೆ ಎಂದು ಹೇಳಲಾಗದಂಥದ್ದು. ಮುರುಗೇಶನಿಗೆ ಬೈದ. ಗಾಡಿಯನ್ನು ಒದ್ದ. ಹನ್ನೊಂದನೇ ದಿನದ ತಿಥಿಗಾದರೂ ದೊಡ್ಡದಾಗಿ ಚಪ್ಪರ ಹಾಕಿಬಿಡೋಣ ಎಂದು ಮನೋಹರನ ಹತ್ತಿರ ಹೋದರೆ, ಸಂಜಯನಗರದ ಕಡೆ ಪಾರ್ಟಿ ಹಾಲ್ ಬುಕ್ ಆಗಿತ್ತು. "ಎಸಿ ಐತೆ ಪಿಳ್ಳಪ್ಪಣ್ಣ, ನೀನು ಊಟಕ್ಕೆ ಬಂದ್ಬಿಡು" ಎಂದ. ಪಿಳ್ಳಪ್ಪ ಊಟಕ್ಕೆ ಹೋಗಲಿಲ್ಲ.

ಹದಿನೈದು ದಿನ ಆ ಬೀದಿಗೆ ಕಾಲಿಡಲಿಲ್ಲ. ಆಮೇಲೊಂದು ದಿನ ಒಗೆದ ಅಂಗಿ ಹಾಕಿಕೊಂಡು, ಗೋಪಾಲಮ್ಮನಿಗೂ ಹೇಳದೆ, ಆ ಕಾಫಿ ಅಂಗಡಿಯ ಒಳಗೆ ಹೋದ. ಹೊಸ ಗಾಜು ಬಂದಿತ್ತು. ಗಲ್ಲಾದ ಹತ್ತಿರ ಬೇರೆ ಯಾರೋ ಇದ್ದ.

"ಸಂಗಮೇಶ್ ಸರ್ ಇಲ್ಲ ಅಂಕಲ್, ಕೆಲಸದಿಂದ ತೆಗೆದ್ರು. ಛತ್ರಿ ಮೇಲೆ ನಮ್ಮ ಹೆಸರು ದೊಡ್ಡದಾಗಿ ಇರತ್ತಲ್ಲ? ಅದರ ಕೆಳಗೆ ಡೆಡ್‌ಬಾಡಿ ಇರೋ ಫೋಟೋ ಯಾರೋ ವಾಟ್ಸಾಪ್‌ಗೆ ಹಾಕಿದ್ರು. ಓನರ್ ಬಿಡ್ತಾರಾ? ಗ್ಲಾಸೂ ಸರ್ ಸಂಬಳದಲ್ಲೇ ಹಿಡಿದ್ರು."

ನಂಬರು ಬರೆಸಿಕೊಂಡು ಬಂದ. ಮೂರು ದಿನ ಜೇಬಿನಲ್ಲಿಟ್ಟುಕೊಂಡು ತಿರುಗಿದ. ನಾಲ್ಕನೇ ದಿನ ಅಂಗಳದಲ್ಲಿ ನಿಂತು ಫೋನು ಮಾಡಿದ. ಆಚೆ ಬಸ್ಸಿನ ಸದ್ದು, ಜನರ ಸದ್ದು.

"ಹಲೋ, ಯಾರ್ರೀ?"

"ನಾನು. ಶಾಮಿಯಾನ."

ಬಸ್ಸಿನ ಸದ್ದು ದೂರವಾಯಿತು, ಹುಡುಗ ಪಕ್ಕಕ್ಕೆ ಸರಿದಿರಬೇಕು. ಆಮೇಲೆ, "ಹೇಳ್ರಿ ಕಾಕಾ."

ಆ ಕಾಕಾ ಎನ್ನುವ ಮಾತಿಗೆ ಪಿಳ್ಳಪ್ಪನ ಬಾಯಲ್ಲಿ ಮೂರು ದಿನದಿಂದ ಕಟ್ಟಿಟ್ಟುಕೊಂಡಿದ್ದದ್ದೆಲ್ಲ ಕಲಸಿಹೋಯಿತು. "ನೀನ್ಯಾಕಯ್ಯಾ ಛತ್ರಿ ತಂದೆ?" ಎಂದು ಗುಡುಗಿದ. "ಯಾರ್ ಹೇಳಿದ್ರು ನಿಂಗೆ? ಅದು ನನ್ ಕೆಲ್ಸ ಕಣೋ! ನನ್ ಕೆಲ್ಸ!" ಉತ್ತರಕ್ಕೂ ಕಾಯದೆ ಫೋನು ಕಟ್ ಮಾಡಿದ.

ಗೋಪಾಲಮ್ಮ ಹೊಸಿಲಲ್ಲಿ ನಿಂತು ಕೇಳಿಸಿಕೊಂಡಿದ್ದಳು. "ತಪ್ಪಾಯ್ತು ಅನ್ನೋಕ್ ಫೋನ್ ಮಾಡ್ಬುಟ್ಟು ಬೈದ್ರಾ? ಇನ್ನೊಂದ್ಸಲ ಮಾಡ್ರಿ. ಆ ಮಗ ಕೆಲ್ಸ ಕಳ್ಕೊಂಡೈತೆ."

"ಸುಮ್ಕಿರೇ."

"ಬೈರಮ್ಮತ್ತೆ ರುಣ ನೀವ್ ತೀರಿಸ್ಬೇಕಿತ್ತು. ಅವ್ನ್ ತೀರಿಸ್ದ. ಅವ್ನದನ್ನ ಯಾರ್ ತೀರಿಸ್ತಾರೆ?"

"ಸುಮ್ಕಿರೇ ಅಂದ್ನಲ್ಲ!"

ಅವಳು ಒಳಗೆ ಹೋದಳು. ಪಿಳ್ಳಪ್ಪ ಮತ್ತೆ ಫೋನು ಮಾಡಲಿಲ್ಲ. ಬಾಗಲಕೋಟೆ ಕಡೆ ಸಂಗಮೇಶನದು ಯಾವ ಊರು ಎಂದು ಪಕ್ಕದ ಬೀದಿಯ ಪಂಚಪ್ಪನಿಗೆ ಗೊತ್ತಿದೆ, ಅವನೂ ಆ ಕಡೆಯವನೇ. ಎರಡು ವರ್ಷದಿಂದ ಪಂಚಪ್ಪ ದಿನಾ ಎದುರಿಗೆ ಸಿಗುತ್ತಾನೆ. ಪಿಳ್ಳಪ್ಪ ಕೇಳಿಲ್ಲ. ಕೇಳಿದರೆ ಹೋಗಬೇಕಾಗುತ್ತದೆ.